ಫೂಟರಿನಲ್ಲಿರುವ ಹೆಸರು

ಭಾರತೀನಗರ,
ಶುಕ್ರವಾರ

ಪೂಜ್ಯ ಮಾವನವರಿಗೆ ದೀಪಿಕ ಮಾಡುವ ನಮಸ್ಕಾರಗಳು.

ದಿನವಿಡೀ ಒಂದೇ ಅಂಗಡಿಯಲ್ಲಿ ಕೂತಿದ್ದರೂ ಎದುರಿಗೆ ಹೇಳಲು ಬಾಯಿ ಬರುವುದಿಲ್ಲ. ಅದಕ್ಕೆ ಬರೆದು ನಿಮ್ಮ ಊಟದ ಡಬ್ಬಿಯ ಮೇಲೆ ಇಡುತ್ತಿದ್ದೇನೆ.

ಇವರು ತೀರಿಕೊಂಡ ಮೇಲೂ, ಕಾಲೇಜು ಮಕ್ಕಳು ಯಾರ ಪ್ರಾಜೆಕ್ಟ್ ಟೈಪಿಂಗಿಗೆ ಬಂದರೂ ಇವರು ಮಾಡಿಟ್ಟ ಫೈಲಿನಿಂದಲೇ ನಾನು ಶುರುಮಾಡುತ್ತೇನೆ. ಅದರಲ್ಲಿ ಮುಖಪುಟದಿಂದ ಕೊನೆಯ ಪುಟದವರೆಗೂ ಕೆಳಗೆ, ಫೂಟರಿನಲ್ಲಿ, ‘ಸ್ವರೂಪ್ ಡಿ.ಟಿ.ಪಿ.’ ಎಂದು ಇವರ ಹೆಸರಿದೆ. ಅಂಗಡಿಯ ಹೆಸರಿದ್ದರೆ ಕಾಲೇಜಿನವರು ಈಗ ಪ್ರಾಜೆಕ್ಟ್ ತೆಗೆದುಕೊಳ್ಳುತ್ತಿಲ್ಲ.

ನಿನ್ನೆ ನಯನ ಎಂಬ ಹುಡುಗಿ, “ಮೇಷ್ಟ್ರು ವಾಪಸ್ ಬಿಸಾಕ್ತಾರೆ ಕಣಜ್ಜ” ಎಂದಳು. ನೀವು, “ನನ್ ಮಗನ್ ಎಸ್ರಿದ್ರೆ ನಿನ್ ಪೇಪರ್ ಸವೆದೋಯ್ತದಾ?” ಎಂದು ರೇಗಿದಿರಿ. ಆಮೇಲೆ ರಸ್ತೆ ಕಡೆ ಮುಖ ತಿರುಗಿಸಿಕೊಂಡು, “ಅವ್ಳದ್ರಲ್ಲಿ ಅಳಿಸ್ಕೊಡವ್ವ. ಅವ್ನು ಮಾಡಿಟ್ಟಿರೋ ಫೈಲ್ ಮಾತ್ರ ಮುಟ್ಬ್ಯಾಡ” ಎಂದಿರಿ.

ಮಾವ, ಫೂಟರಿನಲ್ಲಿ ಒಂದು ಪುಟದ ಹೆಸರು ಅಳಿಸಿದರೆ ಆ ಪ್ರಾಜೆಕ್ಟಿನ ಎಲ್ಲ ಪುಟಗಳಿಂದಲೂ ಒಟ್ಟಿಗೇ ಹೋಗುತ್ತದೆ. ಇನ್ನೊಬ್ಬರು ಬಂದಾಗ ಇವರ ಫೈಲು ತೆರೆದರೆ ಹೆಸರು ಮತ್ತೆ ಇರುತ್ತದೆ. ಮತ್ತೆ ಅಳಿಸುತ್ತೇನೆ. ಇದರಿಂದ ದೂರವಿರಲು ನಾಲ್ಕು ದಿನ ಆತಗೂರಿಗೆ, ಅಮ್ಮನ ಹತ್ತಿರ ಹೋಗಿಬರುತ್ತೇನೆಂದರೆ ಅಂಗಡಿ ಯಾರು ನೋಡುತ್ತಾರೆ ಎನ್ನುತ್ತೀರಿ. ಆಗಲಿ, ಎಲ್ಲಿಗೂ ಹೋಗುವುದಿಲ್ಲ.

ಹೊರಗಿನ ಬೋರ್ಡಿನಲ್ಲಿ ಹೆಸರು ಇರಲಿ, ಬೇಕಾದರೆ ಹೊಸದಾಗಿ ಬಣ್ಣ ಹೊಡೆಸೋಣ. ಆ ಫೈಲಿನಿಂದ ಮಾತ್ರ ತೆಗೆಯಲು ಒಪ್ಪಿಗೆ ಕೊಡಿ. ಒಂದು ಸಲ ಹೇಗೋ ಅಳಿಸುತ್ತೇನೆ. ದಿನವೂ ನನ್ನ ಕೈಯಿಂದಲೇ ಇವರ ಹೆಸರು ಅಳಿಸುವುದು ನನ್ನಿಂದ ಆಗುತ್ತಿಲ್ಲ.

ನಿಮ್ಮ ಸೊಸೆ,
ದೀಪಿಕ