ದುಪಟ್ಟಾದೊಳಗಿನ ಪಟ್ಟಿ

ದೊಡ್ಡಬಳ್ಳಾಪುರ,
ಗುರುವಾರ, ೧೭ ಜುಲೈ ೨೦೨೫

ಪ್ರೀತಿಯ ನಗ್ಮಾ,

ನಿನಗೂ ನಿನ್ನ ಹಸುಗೂಸಿಗೂ ಅಮ್ಮಿಯ ಹಾರೈಕೆಗಳು. ನಿನ್ನೆ ನೀನು ಮೊಬೈಲಿನಲ್ಲಿ ಕಳುಹಿಸಿದ ಧ್ವನಿಸಂದೇಶವನ್ನು ಕೇಳಿದೆ. ಅರ್ಧಕ್ಕೆ ನಿಂತ ವಾಕ್ಯಗಳಿಗೆ ಅರ್ಧ ವಾಕ್ಯಗಳಲ್ಲಿ ಉತ್ತರಿಸುವ ಅಭ್ಯಾಸ ನನಗಿಲ್ಲ. ಆದ್ದರಿಂದ ಈ ಪತ್ರ. ನನ್ನ ಬಳಿಯಿರುವ ನಿನ್ನ ಹಿರಿಮಗಳು ಅಮ್ರೀನಳ ತಲೆಗೆ ಕರೆಂಟು ಕೊಡುತ್ತಿದ್ದಾರೆಂದು ಹೊಸಕೋಟೆಯ ನಿನ್ನ ಅತ್ತೆಮನೆಯವರೆಲ್ಲ ಗಾಬರಿಯಾಗಿದ್ದಾರೆಂದೂ, ನವಾಜ್ ನಾಳೆಯೇ ಬಂದು ಮಗುವನ್ನು ಕರೆದೊಯ್ಯುವರೆಂದೂ ತಿಳಿಸಿದ್ದೀಯೆ. ಗಂಡಹೆಂಡಿರಿಬ್ಬರೂ ಕೂಡಿ ಒಪ್ಪಿದ ಚಿಕಿತ್ಸೆಯನ್ನು ನಡುವಿನಲ್ಲಿ ಕೈಬಿಡುವ ಮೊದಲು ನಾನು ಕಣ್ಣಾರೆ ಕಂಡದ್ದನ್ನು ಕೇಳು.

ಕರೆಂಟು ಎಂದಾಕ್ಷಣ ಕಂಬದ ತಂತಿ ನೆನಪಾಗುವುದು ಸಹಜ. ಇದು ಸಣ್ಣ ಬ್ಯಾಟರಿಯಿಂದ ಬರುವ, ಬಹು ಮಂದವಾದ ವಿದ್ಯುತ್ತು. ಉಪ್ಪುನೀರಿನಲ್ಲಿ ತೋಯಿಸಿದ ಎರಡು ಸ್ಪಂಜುಗಳನ್ನು ರಬ್ಬರ್ ಪಟ್ಟಿಯಿಂದ ತಲೆಗೆ ಕಟ್ಟುತ್ತಾರೆ. ಇಲ್ಲಿನ ಚಿಕಿತ್ಸಾ ಕೇಂದ್ರದ ವೈದ್ಯರು ಪಕ್ಕದಲ್ಲಿಯೇ ಇರುತ್ತಾರೆ. ಆ ಹೊತ್ತಿನಲ್ಲಿಯೇ ಮಗುವಿಗೆ ಆಟದ ಪಾಠ ನಡೆಯುತ್ತದೆ. ಇದು ಆಟಿಸಂ ವಾಸಿಮಾಡುವ ಮದ್ದಲ್ಲ, ಇನ್ನೂ ಪರೀಕ್ಷೆಯ ಹಂತದಲ್ಲಿದೆ, ಪಾಠ ಚೆನ್ನಾಗಿ ನಾಟಲು ನೆರವಾದೀತೆಂಬ ನಿರೀಕ್ಷೆಯಷ್ಟೆ ಎಂದು ಅವರು ಮೊದಲೇ ಹೇಳಿದ್ದಾರೆ. ಭರವಸೆಯನ್ನು ಅಳೆದು ಕೊಡುವ ವೈದ್ಯರನ್ನು ನಾನು ಗೌರವಿಸುತ್ತೇನೆ. ನಾನಂತೂ ಒಂದು ದಿನವೂ ಹೆದರಲಿಲ್ಲ.

ಪಾಠ ಹೇಳುವವಳು ತೂಬಗೆರೆಯ ನವ್ಯಶ್ರೀ, ನನ್ನ ಹಳೆಯ ವಿದ್ಯಾರ್ಥಿನಿ. ತರಗತಿಯಲ್ಲಿ ಒಂದೆಡೆ ಕೂರದಿದ್ದ ಹುಡುಗಿ ಈಗ ಅಮ್ರೀನಳ ಎದುರು ನೆಲದ ಮೇಲೆ ಕುಳಿತು, ಬುಗುರಿಯನ್ನು ತನ್ನ ಕಣ್ಣಿನ ನೇರಕ್ಕೆ ಹಿಡಿದು ಕಾಯುತ್ತಾಳೆ. ಮಗುವಿನ ನೋಟ ಅವಳತ್ತ ತಿರುಗಿದ ಕ್ಷಣವೇ ಬುಗುರಿ ಸುತ್ತುತ್ತದೆ. ತಿರುಗದಿದ್ದರೆ ಮತ್ತೆ ಕಾಯುತ್ತಾಳೆ. ಒಮ್ಮೆ ಅವಳು ‘ಇನ್ನೊಂದ್ಸಲ ಟ್ರೈ ಮಾಡಣ ಬಾ ಪುಟ್ಟಿ’ ಎಂದಾಗ, ‘ಪ್ರಯತ್ನಿಸೋಣ’ ಎನ್ನಬೇಕೆಂದು ತಿದ್ದಿದೆ. ‘ಮೇಡಂ, ನನ್ನ ಆಮೇಲೆ ತಿದ್ರಿ, ಈಗ ಇವಳು ನೋಡ್ತಾವ್ಳೆ’ ಎಂದಳು. ನನ್ನನ್ನು ಸುಮ್ಮನಾಗಿಸಿದವರು ಶಾಲೆಯಲ್ಲಿಯೂ ಬಹಳ ಮಂದಿ ಇರಲಿಲ್ಲ.

ತೊಡಕಾದದ್ದು ಪಟ್ಟಿಯದು. ಬಾಚಣಿಗೆ ಕಂಡರೆ ಮಂಚದ ಕೆಳಗೆ ಸೇರುವ ಮಗು ಅದನ್ನು ಹತ್ತಿರಕ್ಕೇ ಬಿಡಲಿಲ್ಲ. ಕೇಂದ್ರದವರು ಒಮ್ಮೆಯೂ ಒತ್ತಾಯಿಸಲಿಲ್ಲ. ಪಟ್ಟಿ ಬೇಡ, ಪಾಠವೊಂದೇ ಸಾಕು ಎಂದು ವೈದ್ಯರು ಹೇಳುವುದರಲ್ಲಿದ್ದರು. ಅಷ್ಟರಲ್ಲಿ ಒಂದು ಸಂಜೆ ಕೇಂದ್ರದ ಪಕ್ಕದ ಮಸೀದಿಯಿಂದ ಅಸರ್ ನಮಾಜಿನ ಅಜಾನ್ ಕೇಳಿಸಿತು. ರೂಢಿಯಂತೆ ನಾನು ಸೆರಗನ್ನು ತಲೆಯ ಮೇಲೆ ಹೊದ್ದು ಕಿವಿಯ ಹಿಂದೆ ಸಿಕ್ಕಿಸಿಕೊಂಡೆ. ಗೋಡೆಗೆ ಮುಖಮಾಡಿ ನಿಂತಿದ್ದ ಅಮ್ರೀನ್ ತಾನಾಗಿ ಬಂದು, ಎರಡೂ ಅಂಗೈಗಳಿಂದ ನನ್ನ ತಲೆಯನ್ನು ಸೆರಗಿನ ಮೇಲಿಂದ ಗಟ್ಟಿಯಾಗಿ ಒತ್ತಿ ನಿಂತಳು. ಮನೆಯಲ್ಲಿ ನಮಾಜಿನ ಹೊತ್ತಿಗೆ ಹೀಗೆಯೇ ಮಾಡುತ್ತಾಳೆ. ನನಗೆ ಅದೊಂದು ವಿಷಯವೆಂದೇ ತೋರಿರಲಿಲ್ಲ. ನವ್ಯಶ್ರೀ ಮಾತ್ರ ಬುಗುರಿಯನ್ನು ಕೆಳಗಿಟ್ಟು ನೋಡುತ್ತಲೇ ಇದ್ದಳು. ‘ನಾಳೆ ನೀವು ನಮಾಜಿಗೆ ಕಟ್ಕೊಳೋ ದುಪಟ್ಟಾ ತನ್ನಿ ಮೇಡಂ. ನಿಮ್ಗೊಂದು, ಪುಟ್ಟಿಗೊಂದು.’

ಮರುದಿನ ತಂತಿಯಿಲ್ಲದ ಪಟ್ಟಿಯೊಂದನ್ನು ಮೊದಲು ನನ್ನ ತಲೆಗೆ ಕಟ್ಟಿ ಮೇಲೆ ದುಪಟ್ಟಾ ಹೊದಿಸಿದಳು. ಅಮ್ರೀನ್ ಅದರ ಅಂಚನ್ನೆಲ್ಲ ಬೆರಳಿನಿಂದ ತಡಕಿ ನೋಡಿ, ಉಳಿದ ದುಪಟ್ಟಾವನ್ನು ತನ್ನ ತಲೆಗೆ ಎಳೆದುಕೊಂಡಳು. ಕೆಲವು ದಿನ ಅಷ್ಟೆ, ಬಟ್ಟೆ ಮಾತ್ರ. ಆಮೇಲೆ ಅದರೊಳಗೆ ಪಟ್ಟಿ ಸೇರಿತು. ಒಂದು ಹನಿ ಕಣ್ಣೀರಿಲ್ಲದೆ ಸೇರಿತು, ನಗ್ಮಾ.

ಪವಾಡವೇನೂ ನಡೆದಿಲ್ಲ. ಮಾತು ಬಂದಿಲ್ಲ. ಆದರೆ ಬಾಯಾರಿದರೆ ನೆಲಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದ ನಿನ್ನ ಮಗಳು ಈಗ ಲೋಟವನ್ನು ತಂದು ನನ್ನ ಮಡಿಲಲ್ಲಿಟ್ಟು ಮುಖ ನೋಡುತ್ತಾಳೆ. ಇದು ಪಟ್ಟಿಯ ಗುಣವೋ ಪಾಠದ ಗುಣವೋ ಎಂದು ನವ್ಯಶ್ರೀಯನ್ನು ಕೇಳಿದೆ. ‘ಸುಳ್ಳು ಹೇಳಲ್ಲ ಮೇಡಂ, ನಂಗೂ ಗೊತ್ತಿಲ್ಲ’ ಎಂದಳು. ‘ಗೊತ್ತಿಲ್ಲ’ ಎಂಬ ಉತ್ತರಕ್ಕೆ ನಾನು ಪೂರ್ಣ ಅಂಕ ಕೊಟ್ಟದ್ದು ಅದೇ ಮೊದಲು.

ಆದ್ದರಿಂದ ನನ್ನ ಕೋರಿಕೆ ಇಷ್ಟೆ: ನೀವಿಬ್ಬರೂ ಹೆದರುವುದಾದರೆ ಪಟ್ಟಿಯನ್ನು ಬಿಡಿ, ಪಾಠವನ್ನು ಬಿಡಿಸಬೇಡಿ. ಏನನ್ನು ಬಿಡುವುದಾದರೂ ನವಾಜ್ ಒಮ್ಮೆ ಕುಳಿತು ನೋಡಿದ ಮೇಲೆ ಬಿಡಲಿ. ಹೆತ್ತವರು ನೀವು, ನಾನು ತಡೆದು ನಿಲ್ಲಿಸುವವಳಲ್ಲ.

ಇತಿ ನಿನ್ನ ಅಮ್ಮಿ,
ತಾಹಿರಾ
ನಿವೃತ್ತ ಕನ್ನಡ ಅಧ್ಯಾಪಕಿ

ಮರುಬರಹ, ಶುಕ್ರವಾರ ರಾತ್ರಿಯೂಟಕ್ಕೆ ಮುನ್ನ: ನವಾಜ್ ಮಗುವಿನ ಬಟ್ಟೆಚೀಲವನ್ನು ಹೆಗಲಿಗೆ ಹಾಕಿಕೊಂಡೇ ಕೇಂದ್ರಕ್ಕೆ ಬಂದು, ಪಾಠ ಮುಗಿಯುವವರೆಗೆ ಬಾಗಿಲ ಬಳಿ ಕುಳಿತಿದ್ದರು. ಪಟ್ಟಿ ಬಿಚ್ಚಿದ ಮೇಲೆ ಅಜಾನ್ ಆಯಿತು. ನಮಾಜಿಗೆ ಹೊರಡಲೆಂದು ಅವರು ಜೇಬಿನ ಕರವಸ್ತ್ರವನ್ನು ತಲೆಗೆ ಕಟ್ಟಿಕೊಂಡರು. ಅಮ್ರೀನ್ ಬುಗುರಿ ಬಿಟ್ಟು ಎದ್ದುಹೋಗಿ, ಎರಡೂ ಕೈಗಳಿಂದ ಅಪ್ಪನ ತಲೆಯನ್ನು ಒತ್ತಿ ನಿಂತಳು. ಅವರು ಏಳಲಿಲ್ಲ. ಚೀಲವನ್ನು ಹೆಗಲಿನಿಂದ ಇಳಿಸಿ, ‘ಅವಳಾಗೇ ಬಂದು ನನ್ನ ಮುಟ್ಟಿದ್ದು ಇದೇ ಫಸ್ಟು ಅಮ್ಮಿ. ಚೀಲ ಇಲ್ಲೇ ಇರ್ಲಿ, ನಗ್ಮಾಗೆ ನಾನ್ ಹೇಳ್ತೀನಿ’ ಎಂದರು. ಈ ಪತ್ರವನ್ನು ಅವರೇ ತರುತ್ತಿದ್ದಾರೆ, ಒಬ್ಬರೇ. ಮೊದಲ ದಿನ ಆ ತಂತಿಗಳನ್ನು ಕಂಡು ನಾನು ಮಗುವನ್ನೆತ್ತಿಕೊಂಡು ಕೇಂದ್ರದಿಂದ ಬಸ್ ನಿಲ್ದಾಣದವರೆಗೆ ಓಡಿದ್ದನ್ನು ನವ್ಯಶ್ರೀ ಅವರಿಗೆ ಹೇಳಿಬಿಟ್ಟಿದ್ದಾಳೆ. ಹೆದರಲಿಲ್ಲವೆಂಬ ನನ್ನ ವಾಕ್ಯವನ್ನು ತಿದ್ದಿ ಓದಿಕೊ. ಕರವಸ್ತ್ರವನ್ನು ಎಲ್ಲಿ ಕಳೆದಿರೆಂದು ಅವರನ್ನು ಗದರಬೇಡ. ಅದನ್ನು ಅಮ್ರೀನ್ ತಲೆಗೆ ಹೊದ್ದು ಮಲಗಿದ್ದಾಳೆ.