ಕಂಬ ಸುತ್ತಿದ ಹೆಜ್ಜೆ

ಮಾರ್ಚ್ 3, ಬೆಳಿಗ್ಗೆ

ಗ್ಯಾರೇಜಿನ ಮೇಲಿನ ಹಾಲ್ ಗುಡಿಸಿದೆ. ಅಕ್ಕನ ಮಗಳು ಆಗಲೇ ಬಂದು ಕಟಾ — ಹೆಜ್ಜೆ, ಹೊಡೆತ, ಒದೆಗಳ ಗೊತ್ತಾದ ಸರಣಿ — ಅಭ್ಯಾಸ ಮಾಡುತ್ತಿದ್ದಳು. ಭಾನುವಾರ ಬ್ಲ್ಯಾಕ್ ಬೆಲ್ಟ್ ಪರೀಕ್ಷೆ. ಪಾಸಾದರೆ ಈ ಕರಾಟೆ ಕ್ಲಾಸು ಅವಳದು, ನನ್ನ ಸೊಂಟಕ್ಕೆ ಬಿಡುಗಡೆ. ಕಟಾದ ನಡುವೆ ಪಕ್ಕಕ್ಕೆ ಸರಿದು ಅರ್ಧ ಸುತ್ತು ತಿರುಗುವ ಆ ಹೆಜ್ಜೆ — ಆಹಾ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ! ಕಲಿಸಿದವನು ಯಾರು ಮತ್ತೆ?

ಹೊಸ ಮಕ್ಕಳಿಗೆ ಅವಳೇ ಕಥೆ ಹೇಳಿದಳು: "ನಮ್ಮ ಮೂಲ ಗುರುಗಳು ಬಿರುಗಾಳೀಲಿ ದೋಣಿ ಮೇಲೆ ನಿಂತು ಹೊಡೆದಾಡಿದ್ರು. ಆಗ ಹುಟ್ಟಿದ ಹೆಜ್ಜೆ ಇದು."

ಕಥೆ ನನ್ನದೇ. ನಿಜ ಏನೆಂದರೆ, ನನ್ನ ಗುರುಗಳು ಒಂದು ಗೋದಾಮಿನಲ್ಲಿ ಕಲಿಸುತ್ತಿದ್ದರು. ನಟ್ಟನಡುವೆ ಕಂಬ. ಮೂಗು ಜಜ್ಜಿಕೊಳ್ಳಬಾರದೆಂದು ಸುತ್ತಿ ಹೋಗುತ್ತಿದ್ದೆ. ಕಾಲಿಗೆ ಅದೇ ರೂಢಿಯಾಯಿತು. ಕಂಬದ ಕಥೆಯನ್ನು ಯಾರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ? ದೋಣಿ ಹತ್ತಿಸಿದೆ.

ಮಾರ್ಚ್ 8, ಸಂಜೆ

ಫೇಲು.

ಪರೀಕ್ಷೆಗೆ ಬಂದವರು ನಮ್ಮ ಶೈಲಿಯ ದೊಡ್ಡ ಮೇಷ್ಟ್ರು. ಅವರೂ ನನ್ನ ಗುರುಗಳ ಶಿಷ್ಯರೇ — ಗೋದಾಮಿಗೆ ಮುಂಚೆ, ಬಯಲಿನಲ್ಲಿ ಕಲಿತವರು. ಆ ಹೆಜ್ಜೆ ಬಂದದ್ದೇ ತಡ, ಕೈ ಎತ್ತಿ ನಿಲ್ಲಿಸಿದರು.

"ಇದ್ಯಾವ್ದಮ್ಮ? ನಮ್ಮ ಪರಂಪರೇಲಿ ಇಲ್ವಲ್ಲ."

ದೋಣಿ ಕಥೆ ಹೇಳಿದಳು. ಗಾಳಿ, ಅಲೆ ಎಲ್ಲ ಸೇರಿಸಿ, ಪೂರ್ತಿ. ಸಾಲಾಗಿ ಕೂತವರು ನಕ್ಕರು.

"ಯಾರು ಹೇಳಿದ್ದು?"

"ನಮ್ಮ ಮಾವ."

ಎಲ್ಲರ ಕಣ್ಣೂ ನನ್ನ ಮೇಲೆ. ನಾನು... ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತೆ.

ಮಾರ್ಚ್ 9

ಅಕ್ಕನ ಫೋನು. "ಏನೋ ಕಲಿಸಿದ್ದೆ ನನ್ನ ಮಗಳಿಗೆ? ಊಟ ಬಿಟ್ಟು ಕೂತಿದಾಳೆ!"

ನೆಟ್‌ವರ್ಕ್ ಸರಿಯಿಲ್ಲ ಅಂದು ಇಟ್ಟೆ. ಅಷ್ಟು ಸ್ಪಷ್ಟವಾದ ಕರೆ ಜನ್ಮದಲ್ಲಿ ಬಂದಿರಲಿಲ್ಲ.

ಮಾರ್ಚ್ 14

ದೊಡ್ಡ ಮೇಷ್ಟ್ರು ದೊಡ್ಡ ಮನಸ್ಸು ಮಾಡಿದ್ದಾರೆ. ನಾಳೆ ಇನ್ನೊಂದು ಅವಕಾಶ. ಆ ಹೆಜ್ಜೆ ಬಿಟ್ಟು ಮಾಡಿದರೆ ಸಾಕಂತೆ. ಸದ್ಯ, ಬದುಕಿದೆ ಅಂದುಕೊಂಡೆ.

"ನಾನು ಹೋಗಲ್ಲ ಮಾವ."

"ಯಾಕೆ ಪುಟ್ಟಿ? ಒಂದು ಹೆಜ್ಜೆ ತಾನೆ, ಬಿಟ್ಬಿಡು."

"ಬಿಟ್ರೆ ನೀವು ಸುಳ್ಳು ಹೇಳಿದ್ರಿ ಅಂತ ಒಪ್ಕೊಂಡ ಹಾಗೆ. ಅಂಥ ಬೆಲ್ಟು ನಂಗೆ ಬೇಡ. ಅವರಿಗೆ ಹೇಳದೇ ಇರೋದನ್ನ ಗುರುಗಳು ನಿಮಗೆ ಹೇಳ್ಕೊಟ್ಟಿರ್ತಾರೆ."

ಕೆನ್ನೆಗೆ ಬಾರಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಮಾರ್ಚ್ 15, ಹನ್ನೊಂದು ಗಂಟೆ

ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಪುಟ್ಟಿ ಬಟ್ಟೆ ಒಣಹಾಕುತ್ತಿದ್ದಳು.

"ಕೂತ್ಕೋ ಪುಟ್ಟಿ, ಒಂದು ಕಥೆ ಇದೆ."

ನಗುತ್ತಲೇ ಕೂತಳು — ನನ್ನ ಕಥೆ ಅಂದರೆ ಅವಳಿಗೆ ಪ್ರಾಣ. ಹೇಳಿದೆ. ಗಾಳಿ ಇಲ್ಲ, ಅಲೆ ಇಲ್ಲ, ಬರೀ ಕಂಬ. ಮುಖ ಸಣ್ಣದಾಯಿತು. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಬ್ಯಾಗು ತಂದಳು. ಬಾಗಿಲಲ್ಲಿ ನಿಂತು ಕೇಳಿದಳು:

"ಮಿಕ್ಕಿದ್ದೆಲ್ಲ ಗುರುಗಳದೇ ತಾನೆ ಮಾವ?"

"ಎಲ್ಲ ಅವರದೇ. ದೇವರಾಣೆ."

ಓಡಿದಳು. ಇಷ್ಟು ಹೊತ್ತಿಗೆ ಕಟಾ ಶುರುವಾಗಿರುತ್ತದೆ. ಎಲ್ಲ ಅವರದೇ, ಸುಳ್ಳಲ್ಲ. ಕಟಾದ ಕೊನೆಯ ಒದೆ ಮಾತ್ರ... ಒಂದು ಸಲ ಒದ್ದೆ ನೆಲದ ಮೇಲೆ ನಾನು ಜಾರಿ —