ಮಲಗಿರುವ ಹೂವಿಗೆ ಕಾವಲು

ಮನೆಯಿಂದ,
ಮಾರ್ಚ್ ೮

ಮಗಳೇ,

ಮೂರನೇ ಕ್ಲಾಸಿಗೇ ಶಾಲೆಗೆ ಸಲಾಂ ಹೊಡೆದು ಬಂದ ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾರೆ. ಗಿಡಗಳ ಅಧ್ಯಯನಕ್ಕೆಂದು ನೀನಿರುವ ಕಾಡಿನಲ್ಲಿ ಫೋನು ಸಿಗುವುದಿಲ್ಲವಂತೆ. ನಿನ್ನಮ್ಮ ಬರೆಯಲು ಕೂತರೆ ಕಾಗದ ಒದ್ದೆಯಾಗುತ್ತದೆಯೇ ಹೊರತು ಅಕ್ಷರ ಮೂಡುವುದಿಲ್ಲ. ಕೆಮ್ಮು ಹೋಯಿತಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಗಿಡ ನೋಡುತ್ತಾ ಊಟ ಮರೆಯುತ್ತೀಯೋ? ನನ್ನ ಮಂಡಿ ಮೊದಲಿನಂತೆಯೇ ಇದೆ, ಅಂದರೆ ಕೆಟ್ಟದಾಗಿದೆ.

ವಿಷಯ ಏನೆಂದರೆ, ಮನೆ ಹಿಂದಿನ ಹುಲ್ಲಿನ ಇಳಿಜಾರಿನಲ್ಲಿ ನೀರಿನ ಪೈಪು ಹೂಳಲು ಎಂಜಿನಿಯರು ಅಗೆಯುವ ಯಂತ್ರ ತಂದು ನಿಲ್ಲಿಸಿದ. ನಿನ್ನ ಆ ಬಿಳಿ ಹೂವು, ಹಿಂದೆ ಇಲಿಬಾಲದಂಥದ್ದು ಇರುವ ನೆಲದ ಆರ್ಕಿಡ್ಡು, ಈ ಸುತ್ತಿನಲ್ಲಿ ಉಳಿದಿರುವುದು ಅಲ್ಲೊಂದೇ ಕಡೆ ಎಂದು ನೀನೇ ಹೇಳಿದ್ದೆಯಲ್ಲ. ಕೋಲೂರಿಕೊಂಡು ಹೋಗಿ ಯಂತ್ರದ ಮುಂದೆ ಸ್ಟೂಲು ಹಾಕಿ ಕೂತೆ. ಹೂವು ಎಲ್ಲಿದೆ ತೋರಿಸಿ ಎಂದ. ಈ ಬಿಸಿಲಿನಲ್ಲಿ ಅದರ ಒಂದು ಎಲೆಯಾದರೂ ಮೇಲಿರಬೇಕೇ? ಒಣಹುಲ್ಲು ಬಿಟ್ಟರೆ ಏನಿಲ್ಲ. ಮಣ್ಣೊಳಗೆ ಗೆಡ್ಡೆಯಾಗಿ ಮಲಗಿದೆ, ಮಳೆ ಬಿದ್ದ ಮೇಲೆ ಏಳುತ್ತದೆ ಎಂದೆ. “ಹಾಗಾದ್ರೆ ಸ್ವಲ್ಪ ಎಬ್ಬಿಸಿ, ಅಜ್ಜಿ” ಎಂದು ನಕ್ಕ. ಅಜ್ಜಿಯಂತೆ. ಅವನ ತಲೆಗಿಂತ ನನ್ನ ತಲೆಯಲ್ಲಿ ಹೆಚ್ಚು ಕೂದಲಿದೆ.

ಅಗೆದು ಕುಂಡದಲ್ಲಿಡಿ ಎಂದು ಬುದ್ಧಿಯನ್ನೂ ಹೇಳಿದ. ಅದರ ಬೀಜಕ್ಕೆ ಆ ತೆಳು ಮಣ್ಣಿನ ಬೂಷ್ಟೇ ಉಣಿಸಿ ಮೊಳಕೆ ಬರಿಸುವ ತಾಯಿ, ಕುಂಡದಲ್ಲಿಟ್ಟರೆ ವಂಶವೇ ನಿಲ್ಲುತ್ತದೆ ಎಂದು ನೀನು ಹೇಳಿಕೊಟ್ಟಿದ್ದನ್ನೆಲ್ಲ ಒದರಿದೆ. ಬೂಷ್ಟು ಎಂದ ಕೂಡಲೇ ಮೂಗು ಮುಚ್ಚಿಕೊಂಡ. ಸರಿ, ಯಾವ ಜಾಗ ಬೆರಳಿಟ್ಟು ತೋರಿಸಿ ಎಂದ. “ಇಡೀ ಇಳಿಜಾರೇ ಮಲಗಿದೆ, ಸದ್ದು ಮಾಡಬೇಡ” ಎಂದೆ.

ಕೊನೆಗೆ ಬಿಸಿಲು ಅವನಿಗೂ ತಾಗಿತು. ಇಪ್ಪತ್ತನೇ ತಾರೀಖಿನೊಳಗೆ ತಿಳಿದವರು ಬಂದು ಜಾಗ ತೋರಿಸಿದರೆ ಪೈಪನ್ನು ಸುತ್ತು ಹಾಕಿಸುತ್ತೇನೆ, ಇಲ್ಲದಿದ್ದರೆ ನೇರ ಅಗೆಯುತ್ತೇನೆ ಎಂದು ಹೋದ. ಅಲ್ಲಿಯವರೆಗೆ ಸ್ಟೂಲು ಅಲ್ಲೇ, ನಾನೂ ಅಲ್ಲೇ.

ಹಾವು ಹುಳ ನೋಡಿಕೊಂಡು ನಡೆ. ನನ್ನಷ್ಟು ವರ್ಷ ಬಾಳು, ನನ್ನ ಮಂಡಿ ಮಾತ್ರ ನಿನಗೆ ಬೇಡ.

ಇಂತಿ,
ನಿನ್ನ ದೊಡ್ಡಮ್ಮ

ತಾ.ಕ.: ಹೇಳಬೇಡ ಅಕ್ಕಾ ಎಂದು ನಿನ್ನಮ್ಮ ಕೈ ಮುಗಿದಿದ್ದಾಳೆ, ಹೇಳುತ್ತಿದ್ದೇನೆ. ಗೆಡ್ಡೆ ಇರುವ ಕಡೆಯೆಲ್ಲ ನೀನು ಗುರುತಿಗೆ ನೆಟ್ಟಿದ್ದ ಕಡ್ಡಿಗಳನ್ನು ಅವಳು ಕಿತ್ತು ತಂದು ಹುರುಳಿಕಾಯಿ ಬಳ್ಳಿಗೆ ಊರಿದ್ದಾಳೆ. ಬಳ್ಳಿಯೇನೋ ಚೆನ್ನಾಗಿ ಹಬ್ಬಿದೆ. ಹೂವು ಎಲ್ಲಿದೆ ಎಂದು ಈಗ ಈ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅದು ಎಂಜಿನಿಯರಿಗೆ ಗೊತ್ತಾಗಬಾರದು. ನೀನು ಯಾವ ಬಸ್ಸಿಗೆ ಬರುತ್ತೀಯ ಎಂಬ ಉತ್ತರ ಹದಿನೈದನೇ ತಾರೀಖಿನೊಳಗೆ ನನ್ನ ಕೈಯಲ್ಲಿರಬೇಕು.